ಅಂಕಿಸಂಖ್ಯೆಯೂ ವ್ಯವಹಾರ ವಿವೇಕವೂ : ಬ್ಯಾಡಗಿ ಪೇಟೆಯ ನಿದರ್ಶನ

ಲೆಕ್ಕವಿಲ್ಲದ ವ್ಯವಹಾರವು ಚುಕ್ಕಾಣಿಯಿಲ್ಲದ ನಾವೆಯಂತೆ ಎಂಬುದನ್ನು ಕನ್ನಡ ನಾಡಿನ ಹಿರಿಯರು ಬಹು ಹಿಂದೆಯೇ ಅರಿತಿದ್ದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ ತ್ರೈರಾಶಿಕ, ಬಡ್ಡಿ, ಮಿಶ್ರ ವ್ಯವಹಾರ ಮೊದಲಾದ ವಿಷಯಗಳನ್ನು ಕ್ರಮವಾಗಿ ನಿರೂಪಿಸಿದನು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದು ಗಣಿತಶಾಸ್ತ್ರವನ್ನು ಜನಸಾಮಾನ್ಯರ ನುಡಿಗೆ ತಂದನು. ಕೊಳ್ಳುವವನ ಮತ್ತು ಮಾರುವವನ ನಡುವಣ ನ್ಯಾಯವು ಲೆಕ್ಕದ ಮೇಲೆ ನಿಂತಿದೆಯೆಂಬ ತಿಳಿವಳಿಕೆ ಈ ಗ್ರಂಥಗಳ ಹಿಂದಿರುವುದು ಸ್ಪಷ್ಟ.

ಅದೇ ತಿಳಿವಳಿಕೆಯು ಇಂದು ಹೊಸ ಹೆಸರಿನಿಂದ, ಹೊಸ ಸಾಧನಗಳೊಡನೆ ಬಂದಿದೆ. ಅದಕ್ಕೆ ‘ದತ್ತಾಂಶ ವಿಶ್ಲೇಷಣೆ’ ಎಂದು ಹೆಸರು. ವ್ಯಾಪಾರದಲ್ಲಿ ದಿನದಿನವೂ ಹುಟ್ಟುವ ಅಂಕಿಸಂಖ್ಯೆಗಳನ್ನು ಒಟ್ಟುಗೂಡಿಸಿ, ವಿಂಗಡಿಸಿ, ತುಲನೆ ಮಾಡಿ, ಎಲ್ಲಿ ಮಾರಬೇಕು, ಯಾವಾಗ ಮಾರಬೇಕು, ಯಾವುದಕ್ಕೆ ಹಣ ವೆಚ್ಚ ಮಾಡಬೇಕು, ಯಾವುದಕ್ಕೆ ಮಾಡಬಾರದು ಎಂಬುದನ್ನು ನಿಶ್ಚಯಿಸುವ ವಿದ್ಯೆಯೇ ಇದು. ಗಣಕಯಂತ್ರವು ಈ ಕೆಲಸವನ್ನು ಶೀಘ್ರವಾಗಿ ಮಾಡಿಕೊಡುತ್ತದೆ. ಆದರೆ ವಿದ್ಯೆಯ ಮೂಲವು ಯಂತ್ರದಲ್ಲಿಲ್ಲ, ಸರಿಯಾದ ಪ್ರಶ್ನೆಯನ್ನು ಕೇಳುವ ಬುದ್ಧಿಯಲ್ಲಿದೆ. ಈ ವಿದ್ಯೆಯು ದೂರದ ಮಹಾನಗರಗಳ ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವವರುಂಟು. ಅದು ನಿಜವಲ್ಲವೆಂಬುದಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯೇ ಸಾಕ್ಷಿ.

ಮೆಣಸಿನಕಾಯಿಯ ಪೇಟೆ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲು ಹಾದಿಯಲ್ಲಿ ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದೇ ದಾರದಲ್ಲಿ ಪೋಣಿಸಿದಂತೆ ಬರುತ್ತವೆ. ಬ್ರಿಟಿಷರ ಆಳಿಕೆಯಲ್ಲಿ ಧಾರವಾಡ ಜಿಲ್ಲೆಯ ತಾಲೂಕೊಂದಕ್ಕೆ ಕರ್ಜಗಿಯ ಹೆಸರೇ ಇದ್ದಿತು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ಈ ಸೀಮೆಯ ಒಕ್ಕಲುತನವು ಮೆಣಸಿನಕಾಯಿ, ಹತ್ತಿ, ಗೋವಿನಜೋಳಗಳನ್ನು ಅವಲಂಬಿಸಿದೆ. ರಾಣೇಬೆನ್ನೂರು ಬೀಜೋತ್ಪಾದನೆಗೆ ಹೆಸರಾಗಿದೆ. ಆದರೆ ಈ ಸೀಮೆಯ ಹೆಸರನ್ನು ದೇಶದ ಅಡುಗೆಮನೆಗಳಿಗೆಲ್ಲ ಮುಟ್ಟಿಸಿದ ಕೀರ್ತಿ ಬ್ಯಾಡಗಿಯ ಒಣಮೆಣಸಿನಕಾಯಿಗೆ ಸಲ್ಲತಕ್ಕದ್ದು.

ಬ್ಯಾಡಗಿ ಮೆಣಸಿನಕಾಯಿಯ ವೈಶಿಷ್ಟ್ಯವು ಖಾರದಲ್ಲಿಲ್ಲ, ಬಣ್ಣದಲ್ಲಿದೆ. ಗುಂಡಾಗಿ ಗಿಡ್ಡಗಿರುವ ‘ಡಬ್ಬಿ’, ಉದ್ದವಾಗಿ ತೆಳ್ಳಗೆ ಸುಕ್ಕುಗಟ್ಟಿರುವ ‘ಕಡ್ಡಿ’ ಎಂದು ಇದರಲ್ಲಿ ಎರಡು ಬಗೆ. ಖಾರ ಕಡಿಮೆ, ಕೆಂಪು ಗಾಢ. ಆದುದರಿಂದ ಸಾರಿನ ಪುಡಿಗೆ ಮಾತ್ರವಲ್ಲದೆ, ಇದರ ಕೆಂಪು ಸತ್ವವನ್ನು ತೆಗೆದು ಆಹಾರ ಪದಾರ್ಥಗಳಿಗೂ ಪ್ರಸಾಧನ ಸಾಮಗ್ರಿಗಳಿಗೂ ಬಣ್ಣವಾಗಿ ಬಳಸುವ ಕೈಗಾರಿಕೆಗಳು ಇದನ್ನು ಕೊಳ್ಳುತ್ತವೆ. 2011ರಲ್ಲಿ ಈ ಬೆಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸುಗ್ಗಿಯ ದಿನಗಳಲ್ಲಿ, ಸೋಮವಾರ ಮತ್ತು ಗುರುವಾರಗಳಂದು, ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಿಂದಲ್ಲದೆ ಬಳ್ಳಾರಿ, ರಾಯಚೂರುಗಳಿಂದಲೂ ನೆರೆಯ ಆಂಧ್ರಪ್ರದೇಶದಿಂದಲೂ ಚೀಲಗಳನ್ನು ಹೊತ್ತ ವಾಹನಗಳು ಬ್ಯಾಡಗಿಗೆ ಬರುತ್ತವೆ.

ಹಿಂದೆ ದಲಾಲಿ ಅಂಗಡಿಗಳ ಮುಂದೆ ಲಾಟುಗಳನ್ನು ಹರವಿ, ಖರೀದಿದಾರರು ಕೈಯಲ್ಲಿ ಹಿಡಿದು ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಯಾರ ದರ ಹೆಚ್ಚೋ ಅವರಿಗೆ ಮಾಲು. ಈಗ ಅದೇ ಟೆಂಡರು ಗಣಕಯಂತ್ರದ ಮೂಲಕ ನಡೆಯುತ್ತದೆ. 2014ರಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ವೇದಿಕೆಗೆ ತರುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯನ್ನು ಆರಂಭಿಸಿತು. 2016ರಲ್ಲಿ ಕೇಂದ್ರ ಸರ್ಕಾರದ ‘ಇ-ನಾಮ್’ ಯೋಜನೆ ಬಂದಿತು. ಈ ಬದಲಾವಣೆಯ ಮುಖ್ಯ ಫಲವು ವೇಗವಲ್ಲ, ದಾಖಲೆ. ಚೀಟಿಯ ಕಾಲದಲ್ಲಿ ಸಂಜೆಗೆ ಕಸದ ಬುಟ್ಟಿ ಸೇರುತ್ತಿದ್ದ ದರಗಳು ಈಗ ಲಾಟಿನ ಸಂಖ್ಯೆಯೊಡನೆ ಉಳಿಯುತ್ತವೆ. ಉಳಿದ ದಾಖಲೆಯೇ ದತ್ತಾಂಶ. ದತ್ತಾಂಶವಿದ್ದಲ್ಲಿ ವಿಶ್ಲೇಷಣೆ ಸಾಧ್ಯ.

ವಿಶ್ಲೇಷಣೆಯ ನಾಲ್ಕು ಮೆಟ್ಟಿಲುಗಳು

ಈ ವಿದ್ಯೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲನೆಯದು, ಏನು ನಡೆಯಿತೆಂಬುದರ ವಿವರಣೆ. ಎರಡನೆಯದು, ಏಕೆ ನಡೆಯಿತೆಂಬುದರ ಕಾರಣ ಶೋಧನೆ. ಮೂರನೆಯದು, ಮುಂದೆ ಏನು ನಡೆಯಬಹುದೆಂಬುದರ ಅಂದಾಜು. ನಾಲ್ಕನೆಯದು, ಹಾಗಾದರೆ ಏನು ಮಾಡತಕ್ಕದ್ದೆಂಬುದರ ನಿರ್ಣಯ. ಮೊದಲ ಮೆಟ್ಟಿಲನ್ನು ಏರದೆ ನಾಲ್ಕನೆಯದಕ್ಕೆ ಹಾರುವವರು ಬೀಳುವುದೇ ಹೆಚ್ಚು.

ವಿವರಣೆಯೆಂಬುದು ಸುಲಭವೆಂದು ಕಂಡರೂ ಅದರಲ್ಲಿಯೇ ಅನೇಕರು ಎಡವುತ್ತಾರೆ. ಮಾರುಕಟ್ಟೆ ಸಮಿತಿಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆಗಳಿರುತ್ತವೆ. ರೈತನ ಕಿವಿಗೆ ಬೀಳುವುದು ಬಹುಮಟ್ಟಿಗೆ ಗರಿಷ್ಠ ಬೆಲೆ ಮಾತ್ರ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ದಿನ ಸಮತೂಕದ 10 ಲಾಟುಗಳು ಮಾರಾಟವಾದುವೆಂದು ಭಾವಿಸೋಣ. ಕ್ವಿಂಟಲಿಗೆ 2 ಲಾಟುಗಳಿಗೆ 12,000 ರೂಪಾಯಿ, 7 ಲಾಟುಗಳಿಗೆ 14,000 ರೂಪಾಯಿ, ಅತ್ಯುತ್ತಮವಾದ ಒಂದೇ ಲಾಟಿಗೆ 40,000 ರೂಪಾಯಿ ದೊರೆಯಿತು. ಗರಿಷ್ಠ ಬೆಲೆ 40,000, ಸರಾಸರಿ 16,200, ಅತಿ ಹೆಚ್ಚು ಲಾಟುಗಳು ಮಾರಿದ ಮಾದರಿ ಬೆಲೆ 14,000. ಹತ್ತರಲ್ಲಿ ಒಂಬತ್ತು ಮಂದಿಗೆ ಸರಾಸರಿ ಬೆಲೆಯೂ ದೊರೆಯಲಿಲ್ಲ! ಗರಿಷ್ಠವನ್ನು ಕೇಳಿ ಆಸೆಪಟ್ಟು ಬಂದವನು ನಿರಾಶನಾಗುತ್ತಾನೆ. ಸರಾಸರಿಯನ್ನು ನಂಬಿದವನೂ ಮೋಸಹೋಗುತ್ತಾನೆ. ಮಾದರಿ ಬೆಲೆಯನ್ನು ನೋಡಿದವನು ಮಾತ್ರ ಪೇಟೆಯ ನಿಜಸ್ಥಿತಿಯನ್ನು ಅರಿಯುತ್ತಾನೆ. ಮೂರು ಅಂಕಿಗಳೂ ಸತ್ಯವೇ. ಆದರೆ ಯಾವ ಪ್ರಶ್ನೆಗೆ ಯಾವ ಅಂಕಿ ಉತ್ತರವೆಂಬ ವಿವೇಕ ಬೇಕು.

ಎರಡನೆಯ ಮೆಟ್ಟಿಲು, ಕಾರಣ ಶೋಧನೆ. ಆ ಒಂದು ಲಾಟಿಗೆ 40,000 ರೂಪಾಯಿ ಏಕೆ ದೊರೆಯಿತು? ತೇವಾಂಶ ಕಡಿಮೆಯಿತ್ತೆ, ಬಣ್ಣ ಹೆಚ್ಚಿತ್ತೆ, ಅಪ್ಪಟ ಡಬ್ಬಿಯಾಗಿತ್ತೆ? ಬಣ್ಣವನ್ನು ಕಣ್ಣಳತೆಯಿಂದಲ್ಲದೆ ಉಪಕರಣದಿಂದಲೂ ಅಳೆಯಬಹುದು. ಪುಡಿಯ ಬಣ್ಣವನ್ನು ಅಸಿಟೋನಿನಲ್ಲಿ ಕರಗಿಸಿ, ಅದು ಗೊತ್ತಾದ ಅಲೆಯಳತೆಯ ಬೆಳಕನ್ನು ಎಷ್ಟು ಹೀರುತ್ತದೆಂದು ನೋಡಿ, ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರಿನ ‘ಆಸ್ಟಾ’ ಮಾನದಲ್ಲಿ ಬಣ್ಣದ ಬೆಲೆಯನ್ನು ಹೇಳುತ್ತಾರೆ. ಸತ್ವ ತೆಗೆಯುವ ಕೈಗಾರಿಕೆಗೆ ಬೇಕಾದುದು ಈ ಅಂಕಿಯೇ. ಖರೀದಿದಾರನಿಗೆ ಈ ಅಂಕಿ ಗೊತ್ತಿದ್ದು ಬೆಳೆದವನಿಗೆ ಗೊತ್ತಿಲ್ಲದಿದ್ದರೆ, ಒಳ್ಳೆಯ ಕಾಯಿಯೂ ಸಾಧಾರಣ ಕಾಯಿಯ ಬೆಲೆಗೆ ಹೋಗುವ ಸಂಭವವುಂಟು. ಅಳತೆಯು ಎರಡೂ ಪಕ್ಷದವರ ಕೈಯಲ್ಲಿದ್ದಾಗಲೇ ವ್ಯಾಪಾರ ಸಮವಾಗುತ್ತದೆ.

ಇಡುವುದೋ ಮಾರುವುದೋ

ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲುಗಳು ರೈತನ ಮುಂದೆ ಒಂದೇ ಪ್ರಶ್ನೆಯಾಗಿ ಬರುತ್ತವೆ : ಈಗ ಮಾರಬೇಕೋ, ಶೀತಲಗೃಹದಲ್ಲಿ ಇಡಬೇಕೋ? ಸೆಕೆಯಲ್ಲಿ, ಬೆಳಕಿನಲ್ಲಿ ಮೆಣಸಿನಕಾಯಿಯ ಬಣ್ಣ ಮಾಸುವುದರಿಂದ ಬ್ಯಾಡಗಿಯಲ್ಲಿ ಅನೇಕ ಶೀತಲಗೃಹಗಳು ತಲೆಯೆತ್ತಿವೆ. ಬೆಲೆ ಏರೀತೆಂಬ ಆಸೆಯಿಂದ ಇಡುವವರು ವೆಚ್ಚದ ಲೆಕ್ಕವನ್ನು ಪೂರ್ಣವಾಗಿ ಮಾಡುವುದು ವಿರಳ.

ಇಲ್ಲಿಯೂ ಒಂದು ಕಲ್ಪಿತ ಲೆಕ್ಕ ಮಾಡಬಹುದು. ಇಂದಿನ ಬೆಲೆ ಕ್ವಿಂಟಲಿಗೆ 15,000 ರೂಪಾಯಿ. ಆರು ತಿಂಗಳು ಇಟ್ಟರೆ, ವರ್ಷಕ್ಕೆ ಶೇಕಡ 12ರಂತೆ ಆ ಹಣದ ಬಡ್ಡಿ 900 ರೂಪಾಯಿ. ಬಾಡಿಗೆ, ಸಾಗಣೆ, ಹಮಾಲಿ ಸೇರಿ 300 ರೂಪಾಯಿ. ಒಟ್ಟು 16,200. ತೂಕದಲ್ಲಿ ಶೇಕಡ 2 ಇಳಿದರೆ ಕೈಗೆ ಉಳಿಯುವುದು 98 ಕಿಲೊ. ಹಾಗಾದರೆ ಆರು ತಿಂಗಳ ನಂತರ ಕ್ವಿಂಟಲಿಗೆ ಸುಮಾರು 16,530 ರೂಪಾಯಿ ದೊರೆತಾಗ ಮಾತ್ರ ಅಸಲಿಗೆ ಅಸಲು. ಅದರ ಮೇಲೆ ಬಂದುದು ಲಾಭ. 16,000 ರೂಪಾಯಿಗೆ ಮಾರಿದವನು ‘ಸಾವಿರ ರೂಪಾಯಿ ಹೆಚ್ಚು ಬಂತು’ ಎಂದು ಹಿಗ್ಗಬಹುದು. ನಿಜದಲ್ಲಿ ಅವನು ನಷ್ಟವನ್ನು ಮಾರಿ ಬಂದಿರುತ್ತಾನೆ. ಇನ್ನು ಸಾಲದ ಕಂತು ತಲೆಯ ಮೇಲಿರುವವನಿಗೆ ಕಾಯುವ ಸ್ವಾತಂತ್ರ್ಯವೇ ಇಲ್ಲ. ಅವನ ಲೆಕ್ಕವೇ ಬೇರೆ. ಕಾಯಬಲ್ಲವನ ಉಪಾಯವನ್ನು ಕಾಯಲಾರದವನಿಗೆ ಬೋಧಿಸುವುದು ಅವಿವೇಕ.

ಬೆಲೆ ಏರುವುದೋ ಇಳಿಯುವುದೋ ಎಂಬ ಅಂದಾಜಿಗೆ ಕಳೆದ ವರ್ಷಗಳ ದರ, ಈ ಸಲ ಬಿತ್ತಿದ ಕ್ಷೇತ್ರ, ಪೇಟೆಯ ಆವಕ, ಶೀತಲಗೃಹಗಳಲ್ಲಿ ಉಳಿದಿರುವ ಹಳೆಯ ದಾಸ್ತಾನು, ಹೊರದೇಶದ ಬೇಡಿಕೆ ಇವೆಲ್ಲವೂ ಬೇಕು. ಕಳೆದ ವರ್ಷದ ಬೆಲೆಯೊಂದನ್ನೇ ನಂಬಿ ಬಿತ್ತುವುದು ಅಪಾಯಕರ. ಈ ವರ್ಷ ಬೆಲೆ ಹೆಚ್ಚಿದರೆ ಬರುವ ವರ್ಷ ಎಲ್ಲರೂ ಅದನ್ನೇ ಬಿತ್ತುತ್ತಾರೆ. ಮಾಲು ಮಿತಿಮೀರಿ ಬೆಲೆ ಇಳಿಯುತ್ತದೆ. ಮರುವರ್ಷ ಎಲ್ಲರೂ ಬಿಡುತ್ತಾರೆ. ಬೆಲೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1934ರಲ್ಲಿ ಈ ಸುತ್ತಾಟಕ್ಕೆ ‘ಜೇಡರ ಬಲೆ’ಯ ಹೆಸರನ್ನು ಕೊಟ್ಟನು. ನಕ್ಷೆಯಲ್ಲಿ ಬರೆದರೆ ಗೆರೆಗಳು ಬಲೆಯಂತೆಯೇ ಹೆಣೆದುಕೊಳ್ಳುತ್ತವೆ. ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಬೆಳೆಗಾರರು ಆ ಬಲೆಯಲ್ಲಿ ಎಷ್ಟೋ ಸಲ ಸಿಲುಕಿದ್ದಾರೆ.

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ನಡೆದ ಸಂಗತಿಯು ಇನ್ನೂ ಜನರ ನೆನಪಿನಿಂದ ಮಾಸಿಲ್ಲ. ಬೆಲೆ ಹಠಾತ್ತನೆ ಕುಸಿದುದನ್ನು ಕಂಡ ಬೆಳೆಗಾರರ ಆಕ್ರೋಶವು ಭುಗಿಲೆದ್ದು, ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಕಲ್ಲು ತೂರಾಟವಾಯಿತು. ವಾಹನಗಳಿಗೆ ಬೆಂಕಿ ಬಿದ್ದಿತು. ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ದೂರದಿಂದ ಬಂದವನಿಗೆ, ಬೆಲೆಯ ಸುದ್ದಿಯು ಪೇಟೆಯ ಅಂಗಳದಲ್ಲಿಯೇ ಮೊದಲು ತಿಳಿಯುವುದೆಂದರೆ ಅದೆಂತಹ ಸಂಕಟವೆಂಬುದನ್ನು ಚಿಂತಿಸಬೇಕು. ಪೇಟೆಗೆ ಎಷ್ಟು ಮಾಲು ಬರುತ್ತಿದೆ, ಹಳೆಯ ದಾಸ್ತಾನೆಷ್ಟು, ಬೆಲೆಯ ಒಲವು ಯಾವ ಕಡೆಗಿದೆ ಎಂಬುದು ಹಳ್ಳಿಯಲ್ಲಿ ಗಾಡಿ ತುಂಬುವ ಮೊದಲೇ ತಿಳಿದಿದ್ದರೆ ಬೆಲೆಯು ಏರಲಾರದು. ಆದರೆ ಬರುವುದೋ ಬಿಡುವುದೋ ಎಂಬ ನಿರ್ಣಯವು ಬೆಳೆದವನ ಕೈಯಲ್ಲಿರುತ್ತದೆ. ಅಂಕಿಸಂಖ್ಯೆಯು ಯಾರ ಬಳಿ ಇದೆಯೆಂಬುದು ಕೇವಲ ಲೆಕ್ಕದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಮಾಹಿತಿಯ ಬೆಲೆ

ಮಾಹಿತಿಗೆ ಎಷ್ಟು ಬೆಲೆಯುಂಟೆಂಬುದನ್ನು ಕೇರಳದ ಕರಾವಳಿಯ ಮೀನುಗಾರರ ಉದಾಹರಣೆಯು ತೋರಿಸುತ್ತದೆ. 1997ರಿಂದ 2001ರವರೆಗಿನ ಅವಧಿಯಲ್ಲಿ ಅಲ್ಲಿಗೆ ಮೊಬೈಲ್ ದೂರವಾಣಿ ಹಂತಹಂತವಾಗಿ ಬಂದಿತು. ಅದಕ್ಕೆ ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದರೆ, ಸಮೀಪದ ಮತ್ತೊಂದು ದಂಡೆಯಲ್ಲಿ ಮೀನೇ ಇರುತ್ತಿರಲಿಲ್ಲ. ಸಮುದ್ರದಲ್ಲಿದ್ದಾಗಲೇ ದರವನ್ನು ವಿಚಾರಿಸುವ ಅನುಕೂಲ ಬಂದ ಮೇಲೆ ಚೆಲ್ಲುವುದು ಬಹುಮಟ್ಟಿಗೆ ನಿಂತಿತು. ಮೀನುಗಾರರ ಲಾಭವು ಶೇಕಡ 8ರಷ್ಟು ಏರಿತು. ಕೊಳ್ಳುವವರಿಗೆ ಬೆಲೆಯು ಶೇಕಡ 4ರಷ್ಟು ಇಳಿಯಿತು. ರಾಬರ್ಟ್ ಜೆನ್ಸನ್ ಎಂಬ ವಿದ್ವಾಂಸನು 2007ರಲ್ಲಿ ಈ ಅಧ್ಯಯನವನ್ನು ಪ್ರಕಟಿಸಿದನು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಹಿತವಾದುದು ಇಲ್ಲಿ ಗಮನಾರ್ಹ.

ಕರ್ನಾಟಕದ ಏಕೀಕೃತ ಮಾರುಕಟ್ಟೆಯ ಫಲವನ್ನೂ ವಿದ್ವಾಂಸರು ಅಳೆದಿದ್ದಾರೆ. ರೆಟ್ಸೆಫ್ ಲೆವಿ, ಮನೋಜ್ ರಾಜನ್ ಮೊದಲಾದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ವ್ಯವಸ್ಥೆಯಿಂದ ಭತ್ತದ ಮಾದರಿ ಬೆಲೆಯು ಶೇಕಡ 5.1, ಶೇಂಗಾದ್ದು ಶೇಕಡ 3.6, ಗೋವಿನಜೋಳದ್ದು ಶೇಕಡ 3.5ರಷ್ಟು ಏರಿತು. ಉತ್ತಮ ಗುಣಮಟ್ಟದ ಮಾಲು ತಂದವರಿಗೆ ಹೆಚ್ಚಿನ ಪ್ರಯೋಜನವಾಯಿತು. ಶೇಕಡ ಐದು ಅಲ್ಪವೆಂದು ಕಂಡೀತು. ಆದರೆ 97 ರೂಪಾಯಿ ವೆಚ್ಚಮಾಡಿ ಬೆಳೆದುದನ್ನು 100ಕ್ಕೆ ಮಾರುವವನಿಗೆ ಉಳಿಯುವುದು 3. ಅದನ್ನೇ 105ಕ್ಕೆ ಮಾರಿದರೆ ಉಳಿಯುವುದು 8. ಬೆಲೆಯಲ್ಲಿ ಐದು ಹೆಚ್ಚಿದರೆ ಉಳಿತಾಯವು ಎರಡೂವರೆ ಪಟ್ಟು ಮೀರುತ್ತದೆ. ಸಣ್ಣ ಹಿಡುವಳಿಯವನಿಗೆ ಆ ಐದು ರೂಪಾಯಿಯೇ ಮಗನ ಶಾಲೆಯ ಖರ್ಚು.

ಜಾಹೀರಾತಿನ ಖರ್ಚು ಮತ್ತು ತುಲನೆಯ ನಿಯಮ

ವ್ಯಾಪಾರಿಯ ಪಕ್ಷಕ್ಕೆ ಬಂದರೆ, ಮಾರಾಟವನ್ನು ಹೆಚ್ಚಿಸಲು ಮಾಡುವ ವೆಚ್ಚವು ಫಲಿಸಿತೋ ಇಲ್ಲವೋ ಎಂಬುದು ಬಹು ಜಟಿಲವಾದ ಪ್ರಶ್ನೆ. ಖಾರದ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಅವನಿಗೆ ಹಾವೇರಿಯಲ್ಲೊಂದು, ರಾಣೇಬೆನ್ನೂರಿನಲ್ಲೊಂದು ಅಂಗಡಿ. ಎರಡರಲ್ಲಿಯೂ ತಿಂಗಳಿಗೆ 300 ಕಿಲೊ ಮಾರಾಟ. ಹಾವೇರಿಯಲ್ಲಿ ಮಾತ್ರ 4,000 ರೂಪಾಯಿ ಖರ್ಚುಮಾಡಿ ಗೋಡೆಬರಹ ಬರೆಯಿಸಿ ಕರಪತ್ರ ಹಂಚಿದನು. ಆ ತಿಂಗಳು ಅಲ್ಲಿ 400 ಕಿಲೊ ಮಾರಿತು. ಕಿಲೊಗೆ 50 ರೂಪಾಯಿ ಲಾಭವೆಂದರೆ 100 ಕಿಲೊಗೆ 5,000. ಖರ್ಚು ಕಳೆದು 1,000 ರೂಪಾಯಿ ಉಳಿಯಿತೆಂದು ಅವನು ಸಂತೋಷಪಟ್ಟನು. ಆದರೆ ಅದು ಮದುವೆಯ ಕಾಲ. ಏನೂ ಖರ್ಚುಮಾಡದ ರಾಣೇಬೆನ್ನೂರಿನ ಅಂಗಡಿಯಲ್ಲಿಯೂ ಮಾರಾಟವು 360 ಕಿಲೊಗೆ ಏರಿತ್ತು. ಅಂದಮೇಲೆ ಜಾಹೀರಾತಿನಿಂದ ಬಂದುದು 40 ಕಿಲೊ ಮಾತ್ರ, ಅದರ ಲಾಭ 2,000, ಖರ್ಚು 4,000. ಆದುದು ಲಾಭವಲ್ಲ, 2,000 ರೂಪಾಯಿ ನಷ್ಟ.

ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಲಾರದು. ನಮ್ಮ ತರ್ಕಶಾಸ್ತ್ರವು ಇದನ್ನು ಕಾಕತಾಲೀಯ ನ್ಯಾಯವೆಂದು ಕರೆಯುತ್ತದೆ. ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದರೆ, ಬೀಳಿಸಿದ್ದು ಕಾಗೆಯೇ ಎಂದು ತೀರ್ಮಾನಿಸುವಂತಿಲ್ಲ. ಖರ್ಚು ಮಾಡಿದ ಕಡೆಯನ್ನು ಮಾಡದ ಕಡೆಯೊಡನೆ, ಉಳಿದುದೆಲ್ಲ ಸಮಾನವಾಗಿರುವಂತೆ ನೋಡಿ ತುಲನೆ ಮಾಡುವುದೇ ದತ್ತಾಂಶ ವಿಶ್ಲೇಷಣೆಯ ಪ್ರಾಣ. ಒಂದು ತಿಂಗಳ, ಎರಡು ಅಂಗಡಿಗಳ ಲೆಕ್ಕದಿಂದ ದೊಡ್ಡ ಸಿದ್ಧಾಂತ ಹೊರಡಿಸುವುದೂ ತಪ್ಪು. ಸ್ವಲ್ಪ ದತ್ತಾಂಶದಿಂದ ಎಷ್ಟು ಮಾತ್ರ ನಂಬಬಹುದೆಂಬ ನಿಯಮವನ್ನು 1908ರಲ್ಲಿ ‘ವಿದ್ಯಾರ್ಥಿ’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ಗಾಸೆಟ್ ಎಂಬಾತನು ಡಬ್ಲಿನ್ನಿನ ಒಂದು ಮದ್ಯದ ಕಾರ್ಖಾನೆಯ ನೌಕರನಾಗಿದ್ದನು. ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಇಂದು ಬೋಧಿಸುವ ಒಂದು ಮಹತ್ತ್ವದ ಸೂತ್ರವು ವ್ಯಾಪಾರದ ಅಗತ್ಯದಿಂದಲೇ ಹುಟ್ಟಿತೆಂಬುದು ಸ್ಮರಣೀಯ.

ಅಂಕಿಸಂಖ್ಯೆಯ ಮಿತಿ

ಆದರೂ ಅಂಕಿಸಂಖ್ಯೆಯು ಸರ್ವಜ್ಞನಲ್ಲ. ಅದು ನಡೆದುದನ್ನು ಹೇಳಬಲ್ಲದು. ನಡೆಯದ ಹೊಸತನ್ನು ಕಾಣಲಾರದು. 2021ರಲ್ಲಿ ಹೊರನಾಡಿನಿಂದ ಬಂದ ನುಸಿಯೊಂದು ದಕ್ಷಿಣದ ರಾಜ್ಯಗಳ ಮೆಣಸಿನಕಾಯಿ ಬೆಳೆಯನ್ನು ಹಾಳುಮಾಡಿತು. ಅದಕ್ಕೆ ಹಿಂದಿನ ಯಾವ ದರಪಟ್ಟಿಯಲ್ಲಿಯೂ ಸೂಚನೆಯಿರಲಿಲ್ಲ. ಅಲ್ಲದೆ ತಪ್ಪಾಗಿ ಬರೆದ ಲೆಕ್ಕದಿಂದ ಸರಿಯಾದ ನಿರ್ಣಯವು ಎಂದಿಗೂ ಬಾರದು. ಕಡ್ಡಿಯನ್ನೂ ಸಂಕರ ತಳಿಯನ್ನೂ ಒಂದೇ ಹೆಸರಿನಲ್ಲಿ ದಾಖಲಿಸಿದರೆ, ಗಣಕಯಂತ್ರವು ಎಷ್ಟೇ ಚತುರವಾಗಿದ್ದರೂ ಅದರ ಉತ್ತರವು ತಪ್ಪೇ. ದೊಡ್ಡ ವ್ಯಾಪಾರಿಗಳ ಕೈಯಲ್ಲಿ ಮಾತ್ರ ಈ ವಿದ್ಯೆಯು ಉಳಿದರೆ, ಬಲವಂತನು ಇನ್ನೂ ಬಲವಂತನಾಗುತ್ತಾನೆ.

ಶಾಲೆಯ ಕರ್ತವ್ಯ

ಈ ವಿದ್ಯೆಯನ್ನು ಬಡವನ ಮನೆಯ ಬಾಗಿಲಿಗೆ ಮುಟ್ಟಿಸುವ ಕಾರ್ಯವು ಶಾಲೆಯಿಂದಲೇ ಆಗಬೇಕು. ಅದಕ್ಕೆ ದೊಡ್ಡ ಸಲಕರಣೆ ಬೇಕಾಗಿಲ್ಲ. ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಎಂಟು-ಒಂಬತ್ತನೆಯ ತರಗತಿಗಳ ಮಕ್ಕಳಿಗೆ ಕಲಿಸುವಾಗ, ಪಠ್ಯಪುಸ್ತಕದ ಕಾಲ್ಪನಿಕ ಅಂಕಿಗಳ ಬದಲು ಬ್ಯಾಡಗಿ ಪೇಟೆಯ ವಾರದ ದರಪಟ್ಟಿಯನ್ನು ಫಲಕದ ಮೇಲೆ ಬರೆಯಬಹುದು. ಸೋಮವಾರ, ಗುರುವಾರಗಳ ಆವಕವನ್ನೂ ಮಾದರಿ ಬೆಲೆಯನ್ನೂ ಒಂದು ಸುಗ್ಗಿಯುದ್ದಕ್ಕೂ ನಕ್ಷೆಯ ಹಾಳೆಯಲ್ಲಿ ಗುರುತಿಸಿದ ಹುಡುಗಿಯು, ಮನೆಯಲ್ಲಿ ತಂದೆಗೆ ಕೊಡಬಲ್ಲ ಸಲಹೆಯು ಯಾವ ದಲಾಲಿಯ ಮಾತಿಗಿಂತಲೂ ಕಡಿಮೆಯಾಗಲಾರದು. ಪೇಟೆಯಲ್ಲಿ ವ್ಯವಹಾರ ಮಾಡುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ತರಗತಿಗೆ ಬಂದು ಪಟ್ಟಿಯನ್ನು ಓದುವ ಬಗೆಯನ್ನು ತಿಳಿಸಿದರೆ ಅದೊಂದು ದೊಡ್ಡ ಉಪಕಾರ.

ದಾನಿಗಳ ಹಣದಿಂದ ನಡೆಯುವ ಸಂಸ್ಥೆಗಳಿಗೂ ಈ ವಿದ್ಯೆ ಅನ್ವಯಿಸುತ್ತದೆ. ವಿದ್ಯಾರ್ಥಿನಿಲಯದಲ್ಲಿ ದಿನವೂ ಊಟಕ್ಕೆ ಕುಳಿತವರೆಷ್ಟು, ಉಳಿದ ಅನ್ನವೆಷ್ಟು, ಯಾವ ತಿಂಗಳು ಯಾವ ಕಾಳಿನ ಬೆಲೆ ಎಷ್ಟು ಎಂಬುದನ್ನು ಒಂದು ವರ್ಷ ತಪ್ಪದೆ ಬರೆದಿಟ್ಟರೆ, ಸುಗ್ಗಿಯಲ್ಲಿ ಎಷ್ಟು ಕೊಂಡಿಡಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಹಾಗೆ ಉಳಿದ ಹಣದಿಂದ ಇನ್ನೆರಡು ಮಕ್ಕಳಿಗೆ ಊಟ ದೊರೆಯಬಹುದು. ಕೊಟ್ಟವರ ಹಣಕ್ಕೆ ಸಲ್ಲಿಸುವ ಗೌರವವು ಕೃತಜ್ಞತೆಯ ಮಾತಿನಲ್ಲಿ ಮಾತ್ರವಲ್ಲದೆ, ಅದರ ಸದ್ವಿನಿಯೋಗದ ಲೆಕ್ಕದಲ್ಲಿಯೂ ಇರುತ್ತದೆ.

ರೋಜು ಕಿರ್ದಿ ಬರೆಯುತ್ತಿದ್ದ ಹಳೆಯ ಕಾಲದ ವ್ಯಾಪಾರಿಯು ದೀಪ ಹಚ್ಚಿದ ಮೇಲೆ ಅಂದಿನ ಜಮಾ-ಖರ್ಚನ್ನು ಸರಿಹೊಂದಿಸದೆ ಮಲಗುತ್ತಿರಲಿಲ್ಲ. ಆ ಶಿಸ್ತಿಗೆ ಹೊಸ ಕಾಲವು ಗಣಕಯಂತ್ರವನ್ನು ಕೊಟ್ಟಿದೆ. ಶಿಸ್ತು ಇಲ್ಲದೆ ಯಂತ್ರವೊಂದೇ ಬಂದರೆ ಪ್ರಯೋಜನವಿಲ್ಲ. ಶಿಸ್ತಿದ್ದರೆ ಒಂದು ನೋಟುಪುಸ್ತಕವೂ ಸಾಕು. ನಿತ್ಯವೂ ಬರೆಯುವುದು, ಬರೆದುದನ್ನು ಓದುವುದು, ಓದಿದುದನ್ನು ತುಲನೆ ಮಾಡುವುದು, ಆಮೇಲೆ ಕೈಯಿಂದ ಹಣ ಬಿಡುವುದು. ಈ ಕ್ರಮವನ್ನು ಶಾಲೆಯ ಮಕ್ಕಳು ಮೈಗೂಡಿಸಿಕೊಂಡರೆ, ನಾಳೆ ಅವರು ಪೇಟೆಯ ಅಂಗಳಕ್ಕೆ ಚೀಲ ಹೊತ್ತು ಹೋದಾಗ ಕಣ್ಣು ತೆರೆದುಕೊಂಡೇ ಹೋಗುವರು.